ಮಲೆನಾಡಿನಲ್ಲಿ ರಜೆಯ ಮನೆ: ಕೊಳ್ಳುವ ಮೊದಲು ಊರನ್ನು ನೋಡುವುದು ಹೇಗೆ

ಮನೆ ಬಹಳ ಚೆನ್ನಾಗಿತ್ತು. ಡಿಸೆಂಬರ್ ತಿಂಗಳು, ಬೆಳಗ್ಗೆ ಹತ್ತು ಗಂಟೆ. ಮೂಡಿಗೆರೆ ಕಡೆಯ ಒಂದು ಗುಡ್ಡದ ಮೇಲೆ ಮಂಗಳೂರು ಹೆಂಚಿನ ಮನೆ. ಮುಂದೆ ಜಗಲಿ, ಜಗಲಿಯಿಂದ ಕೆಳಗೆ ಪೂರ್ತಿ ಕಾಫಿ ತೋಟ. ಕಣದಲ್ಲಿ ಕಾಫಿ ಒಣಗುತ್ತಿತ್ತು. ನಾನೂ ನನ್ನ ಹೆಂಡತಿಯೂ ಮನಸ್ಸಿನಲ್ಲೇ ಆ ಜಗಲಿಯಲ್ಲಿ ಕುರ್ಚಿ ಹಾಕಿ ಕೂತಾಗಿತ್ತು.

ಅಡುಗೆಮನೆಯ ಹಿಂದೆ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮನೆಗೆಲ್ಲ ಹಳೇ ಸುಣ್ಣ, ಹಿಂದಿನ ಗೋಡೆಗೆ ಮಾತ್ರ ಮೊಣಕಾಲೆತ್ತರದವರೆಗೆ ಹೊಸ ಬಣ್ಣ. ಬಾಗಿಲ ಚೌಕಟ್ಟಿನ ಬುಡದಲ್ಲಿ ಕೆಮ್ಮಣ್ಣು ಅಂಟಿ ಒಣಗಿತ್ತು. ಉಗುರಿನಿಂದ ಕೆರೆದರೆ ಪುಡಿ ಪುಡಿಯಾಗಿ ಉದುರಿತು. ಗೋಡೆಯಿಂದ ಆರಡಿ ಆಚೆ ಎರಡಾಳೆತ್ತರದ ಧರೆ. ಧರೆ ಅಂದರೆ ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ. ಬ್ರೋಕರ್ "ಬಣ್ಣ ಮಿಕ್ಕಿತ್ತು ಸಾರ್, ಅದಕ್ಕೆ ಹಚ್ಚಿದ್ರು" ಅಂದರು.

ವಾಪಸ್ ಬರುವಾಗ ಕೆಳಗಿನ ಮನೆಯ ಅಜ್ಜಿ ಕರೆದರು. "ಬನ್ನಿ, ಆಸರಿಗೆ ಎಂತ ಕುಡೀತೀರಿ?" ಕಾಫಿ ಕುಡಿಯುತ್ತಾ ಮೇಲಿನ ಮನೆಯ ಬಗ್ಗೆ ಕೇಳಿದೆ. "ಆ ಮನೆಯಾ? ಆಶ್ಲೇಷ ಮಳೇಲಿ ಧರೆ ಅಡುಗೆಮನೆ ಒಳಗೇ ಬಂದಿತ್ತು ಮಾರಾಯ್ರೆ. ಅವರು ಯಾರೂ ಇರ್ಲಿಲ್ಲ. ನಾವೇ ಹೋಗಿ ಮಣ್ಣು ತೆಗ್ದಿದ್ದು."

ಅಜ್ಜಿ ಹೇಳಿದ ಕೊನೆಯ ಎರಡು ಮಾತು ನನ್ನ ಜೊತೆ ಬೆಂಗಳೂರಿಗೆ ಬಂದವು. ರಜೆಯ ಮನೆ ವರ್ಷದಲ್ಲಿ 300 ದಿನ ಖಾಲಿ ಇರುತ್ತದೆ. ಅದರಲ್ಲೂ ಮಳೆ ಜೋರಾಗಿರುವಾಗ ಖಂಡಿತ ಖಾಲಿ. ಆ ದಿನಗಳಲ್ಲಿ ಮನೆಯನ್ನು ಕಾಯುವುದು ನೆಲ, ದಾರಿ ಮತ್ತು ಪಕ್ಕದ ಮನೆಯವರು. ಹಾಗಾಗಿ ಮನೆ ಹುಡುಕುವ ಮೊದಲು ಊರು ಹುಡುಕಬೇಕು ಅಂತ ನಾನು ಆವತ್ತಿನಿಂದ ನಂಬಿದ್ದೇನೆ. ಕೆಳಗೆ ಬರೆದಿರುವ ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆ ಇಟ್ಟುಕೊಳ್ಳಿ: ನಾನು ಇಲ್ಲದ ದಿನ ಇಲ್ಲಿ ಏನಾಗುತ್ತದೆ, ಯಾರು ನೋಡುತ್ತಾರೆ?

ಮೊದಲ ಹೆಜ್ಜೆ: ವರ್ಷಕ್ಕೆ ಎಷ್ಟು ಸಲ ಬರುತ್ತೀರಿ ಅಂತ ಲೆಕ್ಕ ಹಾಕಿ

ಮನೆಯಲ್ಲಿ ಎಲ್ಲರೂ ಕೂತು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಮಕ್ಕಳ ಪರೀಕ್ಷೆ, ಆಫೀಸಿನ ರಜೆ, ಅಪ್ಪ ಅಮ್ಮನ ಆರೋಗ್ಯ ಎಲ್ಲ ಕಳೆದು ಎಷ್ಟು ವಾರಾಂತ್ಯ ಉಳಿಯುತ್ತದೆ? ತಿಂಗಳಿಗೊಮ್ಮೆ ಬರುವ ಆಸೆ ಇದ್ದರೆ ನಾಲ್ಕೈದು ಗಂಟೆಗಿಂತ ದೂರ ಹೋಗಬೇಡಿ. ವರ್ಷಕ್ಕೆ ಎರಡು ಸಲ, ಒಂದೊಂದು ಸಲ ಹದಿನೈದು ದಿನ ಇರುವವರಾದರೆ ದೂರ ದೊಡ್ಡದಲ್ಲ.

ಬೆಂಗಳೂರಿನಿಂದ ಸಕಲೇಶಪುರ ಸುಮಾರು 220 ಕಿ.ಮೀ. ಚಿಕ್ಕಮಗಳೂರು 245ರ ಆಸುಪಾಸು, ಮಡಿಕೇರಿ 260. ಸಕಲೇಶಪುರಕ್ಕೆ ಮಂಗಳೂರು ರೈಲು ಇದೆ. ಚಿಕ್ಕಮಗಳೂರಿಗೆ 2013ರಲ್ಲಿ ರೈಲು ಬಂದರೂ ಓಡುವ ಗಾಡಿಗಳು ಕಡಿಮೆ. ಕೊಡಗಿಗೆ ರೈಲೇ ಇಲ್ಲ. ಸಾಗರ, ತೀರ್ಥಹಳ್ಳಿ ಕಡೆಗೆ ಶಿವಮೊಗ್ಗದವರೆಗೆ ರೈಲಿದೆ, ಸಾಗರದಾಚೆ ತಾಳಗುಪ್ಪದವರೆಗೂ ಹೋಗುತ್ತದೆ. 2023ರಿಂದ ಶಿವಮೊಗ್ಗಕ್ಕೆ ವಿಮಾನವೂ ಇದೆ. ವಯಸ್ಸಾದ ಮೇಲೆ ಘಾಟಿ ರಸ್ತೆಯಲ್ಲಿ ಕಾರು ಓಡಿಸುವುದು ಕಷ್ಟ. ಅರವತ್ತು ದಾಟಿದವರು ರೈಲು ನಿಲ್ದಾಣ ಇರುವ ಊರನ್ನು ಮೊದಲು ನೋಡಲಿ ಅನ್ನುವುದು ನನ್ನ ಸಲಹೆ.

ಕರಾವಳಿಯವರಿಗೆ ಈ ಲೆಕ್ಕವೇ ಬೇರೆ. ಮಂಗಳೂರಿನಿಂದ ಮೂಡಿಗೆರೆಗೆ ಚಾರ್ಮಾಡಿ ಘಾಟಿ ಹತ್ತಬೇಕು, ಸಕಲೇಶಪುರಕ್ಕೆ ಶಿರಾಡಿ ಘಾಟಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯಲ್ಲಿ ಗುಡ್ಡ ಕುಸಿದು ದಾರಿ ಬಂದ್ ಆಗಿತ್ತು. 2024ರ ಜುಲೈನಲ್ಲಿ ಶಿರಾಡಿಯ ದೊಡ್ಡತಪ್ಪಲೆಯಲ್ಲಿ ಮತ್ತೆ ಮತ್ತೆ ಮಣ್ಣು ಜಾರಿತು. ಅದೇ ತಿಂಗಳು ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ರೈಲು ಹಳಿಯ ಕೆಳಗೂ ಕುಸಿಯಿತು. ಘಾಟಿ ಹತ್ತಿಯೇ ಬರಬೇಕಾದವರು ಮಳೆಗಾಲದಲ್ಲಿ ಬರುವ ಆಸೆ ಬಿಡಬೇಕಾದೀತು.

ಎರಡನೇ ಹೆಜ್ಜೆ: ಎಷ್ಟು ಮಳೆ ಬೇಕು ಅಂತ ತೀರ್ಮಾನ ಮಾಡಿ

ಮಲೆನಾಡು ಅಂದರೆ ಎಲ್ಲ ಕಡೆ ಒಂದೇ ಮಳೆಯಲ್ಲ. ಘಟ್ಟದ ಅಂಚಿನಿಂದ ಪೂರ್ವಕ್ಕೆ ಇಪ್ಪತ್ತು ಮೂವತ್ತು ಕಿ.ಮೀ. ಬಂದರೆ ಮಳೆ ಅರ್ಧಕ್ಕೆ ಇಳಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿ.ಮೀ. ಮೀರಿ ಸುರಿಯುತ್ತದೆ. ಮಡಿಕೇರಿಯಲ್ಲಿ 3,000 ಮಿ.ಮೀ. ದಾಟುತ್ತದೆ. ಅದೇ ಕೊಡಗಿನ ಕುಶಾಲನಗರ ಅರೆ ಬಯಲುಸೀಮೆ. ಚಿಕ್ಕಮಗಳೂರು ಪೇಟೆಯಲ್ಲಿ ಮುಳ್ಳಯ್ಯನಗಿರಿ ಕಾಣುತ್ತದೆ, ಆದರೆ ಮೂಡಿಗೆರೆಯ ಮಳೆ ಅಲ್ಲಿಗೆ ಬರುವುದಿಲ್ಲ.

ಮಳೆ ಜಾಸ್ತಿ ಇರುವಲ್ಲಿ ಖಾಲಿ ಮನೆ ಬೇಗ ಹಾಳಾಗುತ್ತದೆ. ಜೂನ್‌ನಲ್ಲಿ ಬೀಗ ಹಾಕಿ ಸೆಪ್ಟೆಂಬರ್‌ನಲ್ಲಿ ಬಾಗಿಲು ತೆಗೆದರೆ ಹಾಸಿಗೆ, ಪುಸ್ತಕ, ಚಪ್ಪಲಿ ಎಲ್ಲದಕ್ಕೂ ಬೂಷ್ಟು ಹಿಡಿದಿರುತ್ತದೆ. ಬಾಗಿಲು ಉಬ್ಬಿ ತೆರೆಯುವುದೇ ಇಲ್ಲ. ಅಂಗಳದಲ್ಲಿ ಪಾಚಿ ಕಟ್ಟಿ ಕಾಲಿಟ್ಟರೆ ಜಾರುತ್ತದೆ. ಅಲ್ಲಿಯ ಜನ ದಿನವೂ ಒಲೆ ಉರಿಸುತ್ತಾರೆ. ಆ ಹೊಗೆ, ಆ ಬಿಸಿಯೇ ಮನೆಯನ್ನು ಕಾಪಾಡುವುದು. ಒಲೆ ಉರಿಯದ ಮನೆಗೆ ಘಟ್ಟದ ಅಂಚು ಬೇಡ. ಸ್ವಲ್ಪ ಒಳಗೆ, ಪೂರ್ವದ ಕಡೆಗೆ ಬನ್ನಿ. ಮಂಜು ಅಲ್ಲಿಯೂ ಇದೆ, ಚಳಿ ಅಲ್ಲಿಯೂ ಇದೆ.

ಒಂದೊಂದು ಸೀಮೆಯ ಬಗ್ಗೆ ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಸಕಲೇಶಪುರ ಮತ್ತು ಆಲೂರು ಕಡೆ ಬೆಂಗಳೂರಿಗೆ ಹತ್ತಿರ, ಆದರೆ ಆನೆ ಕಾಟ ಜಾಸ್ತಿ. ಚಿಕ್ಕಮಗಳೂರಿನ ಪೇಟೆ ಸುತ್ತಮುತ್ತ ಆಸ್ಪತ್ರೆ, ಅಂಗಡಿ ಎಲ್ಲ ಇದೆ, ಬೆಲೆಯೂ ಹಾಗೇ ಇದೆ, ವಾರಾಂತ್ಯದಲ್ಲಿ ಗಿರಿಯ ರಸ್ತೆ ಕಾರುಗಳಿಂದ ತುಂಬಿರುತ್ತದೆ. ಕೊಡಗು ಚೆಂದ, ಕಾಗದಪತ್ರ ಮಾತ್ರ ಬೇರೆ ಎಲ್ಲ ಕಡೆಗಿಂತ ತೊಡಕು. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆ ಅಡಿಕೆ ತೋಟದ ನಡುವೆ ಹಳೇ ಮನೆಗಳು ಸಿಗುತ್ತವೆ. ಮಕ್ಕಳೆಲ್ಲ ಪೇಟೆ ಸೇರಿ, ಇಬ್ಬರೇ ವಯಸ್ಸಾದವರು ಉಳಿದಿರುವ ಮನೆಗಳು ಅವು. ಅಂಥ ಊರಿನಲ್ಲಿ ಹೊಸಬರಿಗೆ ಸ್ವಾಗತ ಇದೆ, ಆದರೆ ಕೆಲಸಕ್ಕೆ ಜನ ಸಿಗುವುದಿಲ್ಲ. ಶಿರಸಿ, ಸಿದ್ದಾಪುರ ಬೆಂಗಳೂರಿಗೆ ದೂರ, ಹುಬ್ಬಳ್ಳಿ ಧಾರವಾಡದವರಿಗೆ ಹೇಳಿ ಮಾಡಿಸಿದ ಹಾಗಿದೆ.

ಮೂರನೇ ಹೆಜ್ಜೆ: ಆಶ್ಲೇಷ ಮಳೆಯಲ್ಲಿ ಹೋಗಿ ನೋಡಿ

ಇಡೀ ಲೇಖನದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಬ್ರೋಕರುಗಳು ನವೆಂಬರ್‌ನಿಂದ ಫೆಬ್ರವರಿ ಒಳಗೆ ಮನೆ ತೋರಿಸುತ್ತಾರೆ. ನೀವು ಜುಲೈ ಕೊನೆ, ಆಗಸ್ಟ್ ಮೊದಲರ್ಧದಲ್ಲಿ ಹೋಗಿ. ಪುಷ್ಯ, ಆಶ್ಲೇಷ ಮಳೆಯ ಹೊತ್ತು. ಅಷ್ಟು ಹೊತ್ತಿಗೆ ಎರಡು ತಿಂಗಳ ಮಳೆ ಕುಡಿದು ನೆಲ ತುಂಬಿರುತ್ತದೆ. ಗುಡ್ಡಗಳು ಜಾರುವುದು ಹೆಚ್ಚಾಗಿ ಆಗಲೇ.

2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ, ಹಟ್ಟಿಹೊಳೆ ಕಡೆ ಗುಡ್ಡಕ್ಕೆ ಗುಡ್ಡವೇ ಇಳಿಯಿತು. ಮರುವರ್ಷ ಆಗಸ್ಟ್‌ನಲ್ಲೇ ವಿರಾಜಪೇಟೆ ಹತ್ತಿರದ ತೋರ ಗ್ರಾಮ ಮತ್ತು ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಕಡೆ ಮನೆ, ತೋಟ, ಗದ್ದೆ ಹೋದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬ್ರಹ್ಮಗಿರಿ ಜಾರಿತು. 2024ರ ಜುಲೈನಲ್ಲಿ ಅಂಕೋಲಾದ ಶಿರೂರು, ಅದಾದ ಎರಡು ವಾರಕ್ಕೆ ಪಕ್ಕದ ಕೇರಳದ ವಯನಾಡು. ಹೆದರಿಸಲು ಹೇಳುತ್ತಿಲ್ಲ. ಇವುಗಳಲ್ಲಿ ಹಲವು ಕಡೆ ಇಳಿಜಾರನ್ನು ರಸ್ತೆಗೋ, ಮನೆಗೋ, ಇಂಗುಗುಂಡಿಗೋ ಕಡಿದು ಬದಲಾಯಿಸಿದ್ದೂ ಒಂದು ಕಾರಣ ಅಂತ ಭೂವಿಜ್ಞಾನಿಗಳು ಹೇಳಿದ್ದಾರೆ. ಅಂದರೆ ಕಣ್ಣಿಗೆ ಕಾಣುವ ಗುರುತುಗಳು ಇರುತ್ತವೆ. ನೋಡುವುದನ್ನು ಕಲಿತರೆ ಸಾಕು.

ಮೊದಲು ಮನೆಯ ಹಿಂದೆ ಹೋಗಿ, ಮುಂದಿನ ನೋಟ ಆಮೇಲೆ ನೋಡಿದರಾಯಿತು. ಧರೆ ಎಷ್ಟು ಎತ್ತರ, ಗೋಡೆಯಿಂದ ಎಷ್ಟು ದೂರ? ಧರೆಯ ಎತ್ತರದಷ್ಟಾದರೂ ಜಾಗ ನಡುವೆ ಇರಲಿ ಅನ್ನುವುದು ನಾನು ಇಟ್ಟುಕೊಂಡಿರುವ ಅಳತೆ. ಧರೆಯ ಮೇಲೆ ಹಳೇ ಜರೀಗಿಡ, ಪಾಚಿ ಇದ್ದರೆ ಬಹಳ ವರ್ಷದಿಂದ ಅಲುಗಾಡಿಲ್ಲ ಅಂತ ಅರ್ಥ. ಬೋಳು ಕೆಮ್ಮಣ್ಣು, ಜೆಸಿಬಿ ಹಲ್ಲಿನ ಗೀರು ಕಂಡರೆ ಹೊಸದಾಗಿ ಕಡಿದದ್ದು. ಧರೆಯ ತಲೆಯ ಮೇಲೆ ಹತ್ತಿ ನೋಡಿ. ನೆಲದಲ್ಲಿ ಉದ್ದಕ್ಕೆ ಬಿರುಕು ಇದೆಯಾ? ಸಿಲ್ವರ್ ಓಕ್ ಮರಗಳು ನೆಟ್ಟಗಿವೆಯಾ, ಕೆಳಕ್ಕೆ ವಾಲಿವೆಯಾ? ಬುಡದಲ್ಲಿ ಬಾಗಿ ಮೇಲೆ ನೆಟ್ಟಗಾದ ಮರ ಕಂಡರೆ ಅಲ್ಲಿ ಮಣ್ಣು ನಿಧಾನಕ್ಕೆ ಜಾರುತ್ತಾ ಬಂದಿರಬಹುದು.

ಆಮೇಲೆ ಅಂಗಳ. ಇಳಿಜಾರಿನಲ್ಲಿ ಅಷ್ಟಗಲ ಸಮತಟ್ಟಾದ ಅಂಗಳ ಹೇಗೆ ಬಂತು ಅಂತ ಕೇಳಿ. ಅರ್ಧ ಕಡಿದು ಅರ್ಧ ತುಂಬಿರುತ್ತಾರೆ. ತುಂಬಿದ ಮಣ್ಣಿನ ಮೇಲೆ ಮನೆಯ ಮೂಲೆ ನಿಂತಿದ್ದರೆ ಗೋಡೆಯಲ್ಲಿ ಓರೆ ಬಿರುಕು ಬಂದಿರುತ್ತದೆ. ಕಿಟಕಿಯ ಮೂಲೆಗಳಲ್ಲಿ ಹುಡುಕಿ.

ಮೂರನೆಯದು ಜಲ. ಪೇಟೆಯವರಿಗೆ ಇದು ಗೊತ್ತೇ ಇರುವುದಿಲ್ಲ. ಪುನರ್ವಸು ಮಳೆ ಹಿಡಿದ ಮೇಲೆ ಮಲೆನಾಡಿನ ಎಷ್ಟೋ ಮನೆಗಳಲ್ಲಿ ನೆಲದಿಂದಲೇ ನೀರು ಒಸರುತ್ತದೆ. "ಜಲ ಎದ್ದಿದೆ" ಅನ್ನುತ್ತಾರೆ. ಹಳಬರು ಮನೆಯ ಹಿಂದೆ ಆಳವಾದ ಚರಂಡಿ ತೆಗೆದು ಆ ನೀರನ್ನು ಪಕ್ಕಕ್ಕೆ ಹರಿಸುತ್ತಿದ್ದರು. ಆ ಚರಂಡಿ ಈಗಲೂ ಇದೆಯಾ, ಸಿಮೆಂಟು ಹಾಕಿ ಮುಚ್ಚಿದ್ದಾರಾ ನೋಡಿ. ಜಲ ಎದ್ದ ನೀರು ತಿಳಿಯಾಗಿದ್ದರೆ ಊರವರು ತಲೆಕೆಡಿಸಿಕೊಳ್ಳುವುದಿಲ್ಲ. ಒಮ್ಮೆಲೇ ಕೆಂಪಾಗಿ ಕದಡಿ ಬಂದರೆ, ಅಥವಾ ಹರಿಯುತ್ತಿದ್ದದ್ದು ದಿಢೀರ್ ಅಂತ ನಿಂತರೆ ಮನೆ ಬಿಟ್ಟು ಹೊರಡುತ್ತಾರೆ. ಇದು ಅನುಭವದಿಂದ ಬಂದ ತಿಳಿವಳಿಕೆ, ಅಲ್ಲೇ ಇರುವವರಿಗೆ ಮಾತ್ರ ಕಾಣುವ ಗುರುತು.

ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ಭೂಕೋಶ್ ಜಾಲತಾಣದಲ್ಲಿ ಭೂಕುಸಿತದ ಅಪಾಯ ತೋರಿಸುವ ನಕ್ಷೆಗಳಿವೆ. ಉಚಿತವಾಗಿ ನೋಡಬಹುದು. ನಕ್ಷೆಯಲ್ಲಿ ನಿಮ್ಮ ಗುಡ್ಡ ಹೆಚ್ಚು ಅಪಾಯದ ಬಣ್ಣದಲ್ಲಿದ್ದರೆ ಆ ಜಾಗ ಬಿಡಿ. ಬಣ್ಣ ಹಗುರಾಗಿದ್ದರೂ ಮೇಲೆ ಹೇಳಿದ್ದನ್ನೆಲ್ಲ ಕಾಲ್ನಡಿಗೆಯಲ್ಲೇ ನೋಡಿ. ಒಂದು ಮನೆಯ ಧರೆಯನ್ನು ತೋರಿಸುವಷ್ಟು ಸೂಕ್ಷ್ಮ ಆ ನಕ್ಷೆಗಿಲ್ಲ.

ನಾಲ್ಕನೇ ಹೆಜ್ಜೆ: ದಾರಿ, ನೀರು, ಕರೆಂಟು, ಆಸ್ಪತ್ರೆ

ದಾರಿ ಯಾರದ್ದು ಅಂತ ಕೇಳಿ. ಕಾರು ಹೋಗುವ ದಾರಿ ಇದೆ ಅಂದರೆ ಸಾಲದು. ಎಸ್ಟೇಟ್ ಒಳಗಿನ ರಸ್ತೆ ಮತ್ತೊಬ್ಬರ ತೋಟದಲ್ಲಿ ಹಾದು ಬಂದಿರಬಹುದು. ಇವತ್ತು ಅವರು ಒಳ್ಳೆಯವರು, ನಾಳೆ ತೋಟ ಮಾರಿದರೆ ಗೇಟು ಬೀಳುತ್ತದೆ. ಗ್ರಾಮ ನಕ್ಷೆಯಲ್ಲಿ ಗುರುತಿರುವ ದಾರಿ, ಅಂದರೆ ನಕಾಶೆ ದಾರಿ ಇದ್ದರೆ ಒಳ್ಳೆಯದು. ಇಲ್ಲವಾದರೆ ದಾರಿಯ ಹಕ್ಕನ್ನು ಕ್ರಯಪತ್ರದಲ್ಲೇ ಬರೆಸಿ, ದಾರಿ ಕೊಡುವವರ ಸಹಿಯೂ ಇರಲಿ.

ಮಲೆನಾಡಿನಲ್ಲಿ ನೀರಿಗೆ ಬರವೇ ಅಂತ ಕೇಳುತ್ತೀರಿ. ಏಪ್ರಿಲ್‌ನಲ್ಲಿ ಹೋಗಿ ನೋಡಿ. ಗುಡ್ಡದ ಮೇಲಿನ ಮನೆಗಳು ಅಬ್ಬಿ ನೀರನ್ನು, ಅಂದರೆ ಗುಡ್ಡದ ಝರಿಯ ನೀರನ್ನು ಪೈಪಿನಲ್ಲಿ ಇಳಿಸಿಕೊಳ್ಳುತ್ತವೆ. ಅಬ್ಬಿಯ ಮೂಲ ಒಂದೇ, ಪಾಲುದಾರರು ನಾಲ್ಕೈದು ಮನೆ. ಬೇಸಿಗೆಯಲ್ಲಿ ಯಾರಿಗೆ ಎಷ್ಟು ಅನ್ನುವುದು ಬಾಯಿಮಾತಿನ ಒಪ್ಪಂದ. ಮನೆಯ ಜೊತೆ ಆ ಪಾಲೂ ಬರುತ್ತದಾ ಅಂತ ಪಾಲುದಾರರನ್ನೇ ಕೇಳಿ, ಮಾರುವವರನ್ನಲ್ಲ.

ಕರೆಂಟು ಚಿಕ್ಕಮಗಳೂರು, ಶಿವಮೊಗ್ಗ ಕಡೆ ಮೆಸ್ಕಾಂನದು, ಹಾಸನ, ಕೊಡಗಿನಲ್ಲಿ ಸೆಸ್ಕ್‌ನದು. ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಕತ್ತಲೆ ಇರುವುದು ಮಾಮೂಲು. ಮೊಬೈಲ್ ಸಿಗ್ನಲ್ಲನ್ನು ಮನೆಯ ಒಳಗೆ, ಮಳೆಯ ದಿನ, ಕರೆಂಟ್ ಇಲ್ಲದಾಗ ಪರೀಕ್ಷೆ ಮಾಡಿ.

ಆಸ್ಪತ್ರೆಯ ವಿಷಯ ಸ್ವಲ್ಪ ನಿಂತು ಯೋಚಿಸಿ. ಹಾಸನ, ಚಿಕ್ಕಮಗಳೂರು, ಮಡಿಕೇರಿ, ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ. ನಿಮ್ಮ ಮನೆಯಿಂದ ಅಲ್ಲಿಗೆ ರಾತ್ರಿ, ಮಳೆಯಲ್ಲಿ ಎಷ್ಟು ಹೊತ್ತು? ಹಾವು ಕಚ್ಚಿದರೆ ಔಷಧ ಇರುವ ಹತ್ತಿರದ ಆಸ್ಪತ್ರೆ ಯಾವುದು? ಆಶಾ ಕಾರ್ಯಕರ್ತೆಯನ್ನು ಕೇಳಿದರೆ ತಕ್ಷಣ ಹೇಳುತ್ತಾರೆ. ಸಾಗರ, ತೀರ್ಥಹಳ್ಳಿ, ಕೊಪ್ಪ, ನರಸಿಂಹರಾಜಪುರ, ಸಿದ್ದಾಪುರ ಕಡೆ ಮನೆ ನೋಡುವವರು ಮಂಗನ ಕಾಯಿಲೆಯ ಬಗ್ಗೆಯೂ ಅವರನ್ನೇ ಕೇಳಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಈ ಜ್ವರ ಉಣುಗಿನಿಂದ ಹರಡುತ್ತದೆ. ಡಿಸೆಂಬರ್‌ನಿಂದ ಮೇವರೆಗೆ ಜಾಸ್ತಿ. ಅಂದರೆ ಪೇಟೆಯವರು ಕಾಡಿನಲ್ಲಿ ಓಡಾಡಲು ಬರುವ ಹೊತ್ತಿಗೇ. ಊರಿನ ಹತ್ತಿರ ಮಂಗ ಸತ್ತಿದ್ದರೆ ಆ ಕಡೆ ಸುಳಿಯಬೇಡಿ, ಕಾಡಿಗೆ ಹೋಗುವವರು ಮೈಗೆ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಎಣ್ಣೆ ಹಚ್ಚಿಕೊಳ್ಳಿ.

ಆನೆಯ ಮಾತು

ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಮತ್ತು ಕೊಡಗಿನ ಸಿದ್ದಾಪುರ, ವಿರಾಜಪೇಟೆ ಕಡೆ ಆನೆಗಳು ಕಾಫಿ ತೋಟದಲ್ಲೇ ವಾಸ ಇವೆ. ಹಲಸು ಹಣ್ಣಾಗುವಾಗ, ಗದ್ದೆ ಕೊಯ್ಲಿಗೆ ಬಂದಾಗ, ಬೈನೆ ಮರ ಇದ್ದಲ್ಲಿ ಬಂದೇ ಬರುತ್ತವೆ. 2022ರಲ್ಲಿ ಸರ್ಕಾರ ಆನೆ ಕಾರ್ಯಪಡೆ ಮಾಡಿದ ಮೇಲೆ ಎಚ್ಚರಿಕೆಯ ಮೆಸೇಜು, ವಾಟ್ಸಾಪ್ ಗುಂಪುಗಳು ಬಂದಿವೆ. ನೋಡಲು ಹೋದ ಊರಿನ ಗುಂಪಿಗೆ ಒಂದು ತಿಂಗಳು ಸೇರಿಕೊಳ್ಳಿ. "ಶಾಲೆ ಹತ್ತಿರ ಒಂಟಿ ಸಲಗ ಇದೆ, ಮಕ್ಕಳನ್ನು ಕಳಿಸಬೇಡಿ" ಅನ್ನುವ ಮೆಸೇಜು ವಾರಕ್ಕೆ ಎಷ್ಟು ಬರುತ್ತದೆ ಅಂತ ಎಣಿಸಿ.

ತೋಟದ ಕೆಲಸಕ್ಕೆ ಬೆಳಗ್ಗೆ ಆರೂವರೆಗೆ ನಡೆದು ಬರುವ ಹೆಣ್ಣುಮಕ್ಕಳು ಈ ಭಯವನ್ನು ದಿನವೂ ಹೊತ್ತು ನಡೆಯುತ್ತಾರೆ. ನಾವು ವಾರಾಂತ್ಯಕ್ಕೆ ಬರುವವರು. ರಾತ್ರಿ ಜೋರಾಗಿ ಹಾಡು ಹಾಕುವುದು, ಬೆಂಕಿ ಹಾಕಿ ಕೂರುವುದು, ಆನೆ ನೋಡಲು ಟಾರ್ಚ್ ಹಿಡಿದು ಹೋಗುವುದು ಇವೆಲ್ಲ ಮರುದಿನ ಬೆಳಗ್ಗೆ ಅವರ ದಾರಿಯಲ್ಲಿ ಸಿಟ್ಟಿಗೆದ್ದ ಆನೆಯನ್ನು ನಿಲ್ಲಿಸಬಹುದು. ದಯವಿಟ್ಟು ಮಾಡಬೇಡಿ.

ಐದನೇ ಹೆಜ್ಜೆ: ಕಾಗದಪತ್ರ

ಇಲ್ಲಿ ಅವಸರ ಬೇಡ. ಅದೇ ತಾಲ್ಲೂಕಿನಲ್ಲಿ ಕೆಲಸ ಮಾಡುವ ವಕೀಲರನ್ನು ಹಿಡಿಯಿರಿ. ಬೆಂಗಳೂರಿನ ವಕೀಲರಿಗೆ ಸೈಟಿನ ಕಾಗದ ಗೊತ್ತಿರುತ್ತದೆ, ಬಾಣೆ, ಕಾನು, ಸೊಪ್ಪಿನಬೆಟ್ಟದಂಥ ಮಲೆನಾಡಿನ ಕಾಡು ಜಮೀನಿನ ಬಗೆಗಳು ಗೊತ್ತಿರುವುದಿಲ್ಲ.

ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳಬಾರದು ಅನ್ನುವ ನಿಯಮ ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಲ್ಲಿ ಹೋಯಿತು. ಈಗ ಕೃಷಿಕರಲ್ಲದವರೂ ಕೊಳ್ಳಬಹುದು. ಆದರೆ ಕೊಂಡ ಕೂಡಲೇ ಮನೆ ಕಟ್ಟಲು ಬರುವುದಿಲ್ಲ. ಜಮೀನು ಭೂಪರಿವರ್ತನೆ ಆಗಿರಬೇಕು. ತೋಟದ ಮನೆ ಅಂತ ಕಟ್ಟುವುದಾದರೆ ಹಿಡುವಳಿಯ ಶೇ. 10ಕ್ಕಿಂತ ಹೆಚ್ಚು ಜಾಗ ಬಳಸುವಂತಿಲ್ಲ, ಅದು ಸ್ವಂತ ಉಪಯೋಗಕ್ಕೆ ಮಾತ್ರ. ಹೋಂಸ್ಟೇ ಮಾಡಿ ಬಾಡಿಗೆ ಎತ್ತೋಣ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಮೆರಿಕ, ಕೊಲ್ಲಿ ದೇಶಗಳಲ್ಲಿರುವ ನಮ್ಮವರಿಗೆ ಇನ್ನೊಂದು ಎಚ್ಚರಿಕೆ. ಅನಿವಾಸಿ ಭಾರತೀಯರು ಮತ್ತು ಒಸಿಐ ಕಾರ್ಡ್ ಇರುವವರು, ಅಂದರೆ ಬೇರೆ ದೇಶದ ಪೌರತ್ವ ಪಡೆದ ಭಾರತ ಮೂಲದವರು, ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವಂತಿಲ್ಲ. ಪರಿವರ್ತನೆಯಾದ ಜಾಗದ ಮನೆಯನ್ನಷ್ಟೇ ಕೊಳ್ಳಬಹುದು.

ಪಹಣಿಯನ್ನು ಕಳೆದ ನಲವತ್ತು ಐವತ್ತು ವರ್ಷದ್ದು ತೆಗೆಸಿ. ಮ್ಯುಟೇಶನ್, ಅಂದರೆ ಖಾತೆ ಬದಲಾವಣೆಯ ಸರಪಳಿ ಎಲ್ಲೂ ಕಡಿದಿರಬಾರದು. ಜಮೀನಿನ ಮಾರಾಟ, ಸಾಲ ತೋರಿಸುವ ಋಣಭಾರ ಪತ್ರ (ಇಸಿ) 2004ರಿಂದ ಈಚೆಗೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದನ್ನು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿ ಪಡೆಯಬೇಕು. ದೊಡ್ಡ ಸರ್ವೆ ನಂಬರಿನಿಂದ ತುಂಡು ಕೊಳ್ಳುವುದಾದರೆ 11ಇ ನಕ್ಷೆ, ಅಂದರೆ ಆ ತುಂಡಿನ ಗಡಿ ಗುರುತಿಸಿದ ಸರ್ವೆ ನಕ್ಷೆ ಬೇಕು. ಗ್ರಾಮ ಪಂಚಾಯಿತಿ ಮನೆಯಾದರೆ ಪಂಚಾಯಿತಿ ಆಸ್ತಿ ದಾಖಲೆಯ ತಂತ್ರಾಂಶವಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. 11ಬಿ ಕೊಟ್ಟರೆ ಯಾಕೆ ಹಾಗೆ ಬಂದಿದೆ ಅಂತ ವಕೀಲರಿಂದ ತಿಳಿಯದೆ ಮುಂದಕ್ಕೆ ಹೋಗಬೇಡಿ.

ಜಮೀನು ಮೂಲದಲ್ಲಿ ಯಾರಿಗೆ ಹೇಗೆ ಬಂತು ಅನ್ನುವುದೇ ಮಲೆನಾಡಿನ ಮುಖ್ಯ ಪ್ರಶ್ನೆ. ಬಗರ್‌ಹುಕುಂನಲ್ಲಿ, ಅಂದರೆ ಅನುಮತಿಯಿಲ್ಲದೆ ಉಳುತ್ತಿದ್ದ ಸರ್ಕಾರಿ ಜಮೀನನ್ನು ಸಕ್ರಮ ಮಾಡುವಾಗ, ಸಾಗುವಳಿ ಚೀಟಿ ಸಿಕ್ಕಿದ ಜಮೀನಾದರೆ ಇಂತಿಷ್ಟು ವರ್ಷ ಮಾರಬಾರದು ಅನ್ನುವ ಷರತ್ತು ಇರುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ್ದಾದರೆ ಅಂಥ ಜಮೀನಿನ ಮಾರಾಟ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಬರುತ್ತದೆ. ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ಎಷ್ಟೋ ವರ್ಷದ ಮೇಲೂ ಜಮೀನು ಅವರಿಗೆ ವಾಪಸ್ ಹೋಗಬಹುದು. ಹೋಗಬೇಕಾದದ್ದೂ ಹೌದು. ಅದು ಅವರ ಬದುಕಿಗೆ ಅಂತ ಕೊಟ್ಟ ನೆಲ, ನಮ್ಮ ರಜೆಗೆ ಅದು ಬೇಡ.

ಇನ್ನು ಅರಣ್ಯ. ಪಹಣಿಯಲ್ಲಿ ಒಬ್ಬರ ಹೆಸರಿದ್ದು, ಅರಣ್ಯ ಇಲಾಖೆಯ ಪಟ್ಟಿಯಲ್ಲೂ ಅದೇ ಸರ್ವೆ ನಂಬರ್ ಇರುವುದುಂಟು. 1963ರ ಅರಣ್ಯ ಕಾಯ್ದೆಯ ಸೆಕ್ಷನ್ 4ರಲ್ಲಿ ಮೀಸಲು ಅರಣ್ಯ ಮಾಡುವ ಅಧಿಸೂಚನೆ ಆಗಿದೆಯಾ, ಡೀಮ್ಡ್ ಅರಣ್ಯದ, ಅಂದರೆ ಅಧಿಸೂಚನೆ ಆಗದಿದ್ದರೂ ಅರಣ್ಯ ಅಂತ ಪರಿಗಣಿಸಿದ ಜಾಗಗಳ ಪಟ್ಟಿಯಲ್ಲಿದೆಯಾ ಅಂತ ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ದಿಶಾಂಕ್ ಆ್ಯಪ್ ತೆರೆದು ಆ ಜಾಗದಲ್ಲೇ ನಿಂತು ಸರ್ವೆ ನಂಬರ್ ನೋಡಿ. ತೋರಿಸುತ್ತಿರುವ ಜಾಗವೂ ಕಾಗದದಲ್ಲಿರುವ ನಂಬರೂ ಒಂದೇನಾ ಅಂತ ಎರಡು ನಿಮಿಷದಲ್ಲಿ ಅಂದಾಜು ಸಿಗುತ್ತದೆ. ತೋಟದ ಮನೆಗಳ ಜೊತೆ ಎರಡು ಎಕರೆ ಒತ್ತುವರಿ "ಫ್ರೀ" ಅಂತ ತೋರಿಸುವವರು ಇದ್ದಾರೆ. ಅದಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪಶ್ಚಿಮಘಟ್ಟದಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಕಸ್ತೂರಿರಂಗನ್ ವರದಿ ಬಂದರೆ ಮನೆಯೇ ಹೋಗುತ್ತದೆ ಅಂತ ಹೆದರಿಸುವವರೂ ಇದ್ದಾರೆ. 2024ರ ಜುಲೈ ಕೊನೆಯಲ್ಲಿ ಕೇಂದ್ರ ಹೊರಡಿಸಿದ ಕರಡಿನಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಸೇರಿದೆ, ರಾಜ್ಯ ಸಂಪುಟ ಅದನ್ನು ಒಪ್ಪಿಲ್ಲ. ಕರಡಿನಲ್ಲಿ ತಡೆ ಇರುವುದು ಗಣಿ, ಕಲ್ಲುಕ್ವಾರಿ, ದೊಡ್ಡ ಮಾಲಿನ್ಯದ ಕೈಗಾರಿಕೆ, 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡಗಳಿಗೆ. ಸಣ್ಣ ಮನೆಗಲ್ಲ.

ಕೊಡಗಿನಲ್ಲಿ ಕೊಳ್ಳುವವರು ಜಮ್ಮಾ, ಬಾಣೆ ಅನ್ನುವ ಮಾತು ಕೇಳುತ್ತೀರಿ. ಜಮ್ಮಾ, ಅಂದರೆ ತಲೆಮಾರುಗಳಿಂದ ಬಂದ ಹಿಡುವಳಿಯಲ್ಲಿ ಇಡೀ ಒಕ್ಕದ, ಅಂದರೆ ಕುಟುಂಬದ ಹೆಸರುಗಳು ಪಹಣಿಯಲ್ಲಿ ಇರುತ್ತವೆ. ಎಷ್ಟೋ ಹೆಸರು ತೀರಿಹೋದ ಹಿರಿಯರದ್ದು. ಒಬ್ಬರು ಸಹಿ ಹಾಕಿ ಮಾರಿದರೆ ಸಾಲದು. ಇನ್ನು ಕೆಲವು ಜಮೀನಿನಲ್ಲಿ ಮರದ ಹಕ್ಕು ಸರ್ಕಾರದ್ದೇ ಇರುತ್ತದೆ. ನಿಮ್ಮ ಅಂಗಳದ ಬೀಟೆ ಮರ ನಿಮ್ಮದಲ್ಲ.

ಕಾಫಿ ತೋಟವನ್ನು ಕಾಲೆಕರೆ, ಅರ್ಧ ಎಕರೆ ತುಂಡು ಮಾಡಿ "ನಾವೇ ನೋಡಿಕೊಳ್ತೀವಿ" ಅಂತ ಮಾರುವ ಯೋಜನೆಗಳ ಬಗ್ಗೆ ಕೇಳುತ್ತಾರೆ. ನನಗೆ ಅವು ಇಷ್ಟವಿಲ್ಲ. ನಿಮ್ಮ ಹೆಸರಿಗೆ ಪ್ರತ್ಯೇಕ ಸರ್ವೆ ನಂಬರ್ ಬರುತ್ತದಾ, ನೂರು ಜನರ ಜೊತೆ ಪಾಲು ಬರುತ್ತದಾ ಅಂತ ಮೊದಲು ಕೇಳಿ. ನೂರು ಮನೆಗೆ ನೂರು ಕಡೆ ಗುಡ್ಡ ಕಡಿದರೆ ಕೆಳಗಿನ ಊರಿನ ಗತಿ ಏನು ಅನ್ನುವುದನ್ನೂ ಕೇಳಬೇಕಲ್ವಾ?

ಖರ್ಚಿನಲ್ಲಿ ನೋಂದಣಿಯನ್ನು ಮರೆಯಬೇಡಿ. 2025ರ ಆಗಸ್ಟ್ ಕೊನೆಯಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. 45 ಲಕ್ಷ ದಾಟಿದ ಮನೆಗೆ ಸ್ಟಾಂಪ್ ಡ್ಯೂಟಿ, ಸೆಸ್ ಎಲ್ಲ ಸೇರಿದರೆ ಏಳೂವರೆ ಪರ್ಸೆಂಟ್ ಮೀರುತ್ತದೆ.

ಆರನೇ ಹೆಜ್ಜೆ: ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡಿ

ಕೊಳ್ಳಲು ತೀರ್ಮಾನಿಸಿದ ಊರಿನಲ್ಲಿ ಒಂದು ಮನೆಯನ್ನೋ ಕೋಣೆಯನ್ನೋ ಬಾಡಿಗೆಗೆ ಹಿಡಿಯಿರಿ. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಮೂರು ನಾಲ್ಕು ಸಲ ಹೋಗಿ ಇದ್ದು ಬನ್ನಿ. ಇಂಬಳ (ಜಿಗಣೆ) ಕಚ್ಚಲಿ, ಬಟ್ಟೆ ಒಣಗದಿರಲಿ, ಮಳೆ ಹೊಳವಾದ, ಅಂದರೆ ಸ್ವಲ್ಪ ಬಿಟ್ಟ ಒಂದು ಗಂಟೆಯಲ್ಲಿ ಊರವರ ಜೊತೆ ನೀವೂ ಅಂಗಡಿಗೆ ಓಡಿ. ನಾವು ಹಾಗೆ ಮಾಡಿದೆವು. ಸುಮ್ನೆ ಅಂಗಡಿ ಕಟ್ಟೆಯಲ್ಲಿ ಕೂತು ಕೇಳಿಸಿಕೊಂಡದ್ದರಿಂದಲೇ ಯಾವ ಮನೆಗೆ ಜಲ ಏಳುತ್ತದೆ, ಯಾವ ತೋಟದ ದಾರಿಗೆ ಜಗಳ ಇದೆ, ಯಾರ ಕೈಗೆ ಬೀಗದ ಕೈ ಕೊಡಬಹುದು ಎಲ್ಲ ತಿಳಿಯಿತು.

ಊರಿನ ನಡೆ ನುಡಿಯನ್ನೂ ಆಗಲೇ ನೋಡಿ. ಮೂಡಿಗೆರೆ, ಸಕಲೇಶಪುರದ ಹಲವು ಊರುಗಳಲ್ಲಿ ಸುಗ್ಗಿ ಹಬ್ಬದ ದಿನಗಳಿಗೆ ಕಟ್ಟುಪಾಡುಗಳಿವೆ. ಕೊಡಗಿನಲ್ಲಿ ದೇವರಕಾಡಿನಿಂದ ಒಂದು ಕಡ್ಡಿಯನ್ನೂ ತರುವುದಿಲ್ಲ. ಹೊಸಬರಿಗೆ ಇವು ಗೊತ್ತಿಲ್ಲದಿದ್ದರೆ ಯಾರೂ ಬೈಯುವುದಿಲ್ಲ, ಕೇಳಿ ತಿಳಿದುಕೊಂಡರೆ ಬಹಳ ಸಂತೋಷಪಡುತ್ತಾರೆ. ಜಮೀನಿನಲ್ಲಿ ಹಳೇ ಕಾಲುದಾರಿ ಇದ್ದರೆ ಬೇಲಿ ಹಾಕಿ ಮುಚ್ಚಬೇಡಿ. ಆ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳೇ ನಿಮ್ಮ ಮನೆಯ ಮೇಲೆ ದಿನವೂ ಕಣ್ಣು ಹಾಯಿಸುವವರು. ಮನೆ ನೋಡಿಕೊಳ್ಳುವವರಿಗೆ ಹನ್ನೆರಡು ತಿಂಗಳೂ ಸಂಬಳ ಕೊಡಿ, ನೀವು ಬಂದ ತಿಂಗಳು ಮಾತ್ರ ಅಲ್ಲ. ಅವರು ದಿನ ಬಿಟ್ಟು ದಿನ ಬಾಗಿಲು ತೆರೆದು ಬಚ್ಚಲ ಒಲೆ ಹೊತ್ತಿಸಿದರೆ ಬೂಷ್ಟು ಅರ್ಧ ಕಡಿಮೆ.

ಇಷ್ಟೆಲ್ಲ ಆದ ಮೇಲೆ ಮುಂಗಡ ಕೊಡಿ. ಅದೂ ಮಘೆ ಮಳೆ ಕಳೆದು ಧರೆ ನಿಂತದ್ದನ್ನು ಕಣ್ಣಾರೆ ಕಂಡ ಮೇಲೆ.

ನಾವು ಕೊನೆಗೆ ಕೊಂಡದ್ದು ಅದೇ ಸೀಮೆಯಲ್ಲಿ, ಗುಡ್ಡದ ಮೇಲಲ್ಲ, ಗದ್ದೆಯ ಅಂಚಿನಲ್ಲಿ, ಮೂರು ಮನೆಗಳ ಮಗ್ಗುಲಲ್ಲಿ. ಜಗಲಿಯಿಂದ ಬೆಟ್ಟ ಅಷ್ಟೇನೂ ಕಾಣುವುದಿಲ್ಲ. ಮೊದಲ ಆಗಸ್ಟ್‌ನಲ್ಲಿ ನಾನು ಬೆಂಗಳೂರಿನ ಆಫೀಸಿನಲ್ಲಿದ್ದಾಗ ಪಕ್ಕದ ಮನೆಯವರ ಫೋನು ಬಂತು. ಹಿಂದೆ ಮಳೆಯ ಸದ್ದು, ಮಾತು ಸರಿಯಾಗಿ ಕೇಳುತ್ತಿರಲಿಲ್ಲ. "ಸಾರ್, ನಿಮ್ಮ ಅಡುಗೆಮನೆ ಮೇಲೆ ಎರಡು ಹೆಂಚು ಜಾರಿದೆ. ನಮ್ಮ ಹುಡುಗನ್ನ ಹತ್ಸಿ ಸರಿ ಮಾಡ್ಸಿದೀನಿ. ಹಿಂದಿನ ಚರಂಡಿನೂ ಬಿಡಿಸಿದೀವಿ. ನೀವೆಂತ ಯೋಚ್ನೆ ಮಾಡ್ಬೇಡಿ, ಮಳೆ ಹೊಳವಾದ ಮೇಲೆ ಬನ್ನಿ."